ಫೈಲ್‌ಸಿಸ್ಟಮ್ ಕೋಡಿನ ಬಫರ್‌ಗೆ ಪೇಜ್ ಕೇಳಬೇಕೋ, ಕೆಮ್ಯಾಲಾಕ್ ಸಾಕೋ?

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ಲಿನಕ್ಸ್‌ನ ಮುಖ್ಯ ಟ್ರೀಯಲ್ಲಿ ಇಲ್ಲದ ಹಳೆಯ ಫೈಲ್‌ಸಿಸ್ಟಮ್ ಮಾಡ್ಯೂಲ್ ಒಂದನ್ನು 6.12 ಕರ್ನಲ್‌ಗೆ ಹೊಂದಿಸುತ್ತಿದ್ದೇವೆ. ಬಫರ್ ಬೇಕಾದಲ್ಲೆಲ್ಲ ಗೆಟ್-ಫ್ರೀ-ಪೇಜಸ್ (ಮೆಮೊರಿಯನ್ನು ಇಡೀ ಪೇಜ್‌ಗಳಾಗಿ ಕೊಡುವ ಫಂಕ್ಷನ್) ಕರೆದಿದ್ದಾರೆ. ಬಿಡುಗಡೆ ಮಾಡುವಾಗ ಒಂದೊಂದು ಕಡೆ ಒಂದೊಂದು ಆರ್ಡರ್ (ಎರಡರ ಘಾತದಲ್ಲಿ ಹೇಳುವ ಪೇಜ್ ಸಂಖ್ಯೆ) ಇದೆ. ಮೌಂಟ್ ಮಾಡುವಾಗ ಓಡುವ ಫಿಲ್-ಸೂಪರ್ ಫಂಕ್ಷನ್ ಒಂದರಲ್ಲೇ, ಸೋತಾಗ ಶುಚಿ ಮಾಡಲು ಐದು ಗೋಟೂ ಲೇಬಲ್. ಎಲ್ಲ ಕಡೆ ಬೈಟ್ ಲೆಕ್ಕದಲ್ಲಿ ಮೆಮೊರಿ ಕೊಡುವ ಕೆಮ್ಯಾಲಾಕ್ ಹಾಕಿದರೆ ಡಿಸ್ಕ್ ಐಒಗೆ ತೊಂದರೆ ಆಗುತ್ತದೆಯೇ? ಈ ಲೇಬಲ್‌ಗಳನ್ನು ಕಡಿಮೆ ಮಾಡುವ ದಾರಿ ಇದೆಯೇ?

ಉತ್ತರ: ಹೆಚ್ಚಿನ ಕಡೆ ಧಾರಾಳವಾಗಿ ಬದಲಾಯಿಸಿ. ಬದಲಾಯಿಸುವ ಮುನ್ನ ಪ್ರತಿ ಕಡೆಯೂ ಒಂದೇ ವಿಷಯ ನೋಡಿ: ಈ ಕೋಡಿಗೆ ಬೇಕಿರುವುದು ಬರಿಯ ಬೈಟುಗಳೋ, ಪೇಜ್ ಸ್ಟ್ರಕ್ಚರೋ (ಪೇಜ್ ಒಂದರ ಬಗ್ಗೆ ಕರ್ನಲ್ ಇಡುವ ದಾಖಲೆ)? ಪೇಜ್ ಕ್ಯಾಶ್‌ಗೆ ಸೇರಿಸುವುದು, ಯೂಸರ್‌ಸ್ಪೇಸ್‌ಗೆ ಮ್ಯಾಪ್ ಮಾಡುವುದು, ಪೇಜಿನ ರೆಫರೆನ್ಸ್ ಹಿಡಿಯುವುದು ಇದ್ದರೆ ಪೇಜ್ ಅಥವಾ ಫೋಲಿಯೋನೇ (ಒಂದಾಗಿ ನೋಡುವ ಪೇಜ್‌ಗಳ ಗುಂಪು) ಬೇಕು. ಬಿಟ್‌ಮ್ಯಾಪ್ ಓದಿಕೊಳ್ಳಲು 4 ಕೆಬಿ ಜಾಗ ಸಾಕು ಎನ್ನುವಂಥ ಕಡೆ ಕೆಮ್ಯಾಲಾಕ್ ಸರಿ.

ಗೆಟ್-ಫ್ರೀ-ಪೇಜಸ್ ಕೊಡುವುದು ಅನ್‌ಸೈನ್ಡ್ ಲಾಂಗ್, ಹಾಗಾಗಿ ಹೋಗುವಾಗ ಬರುವಾಗ ಟೈಪ್ ಬದಲಿಸುವ ಕಾಸ್ಟ್. ಅದಕ್ಕಿಂತ ಕೆಟ್ಟದ್ದು ಆರ್ಡರ್. ಆರ್ಡರ್ 2 ಎಂದು ನಾಲ್ಕು ಪೇಜ್ ತಂದು ಆರ್ಡರ್ 1 ಎಂದು ಬಿಟ್ಟರೆ 8 ಕೆಬಿ ಪ್ರತಿ ಸಲವೂ ಸೋರುತ್ತದೆ. ಆರ್ಡರ್ 3 ಎಂದು ಬಿಟ್ಟರೆ ಬೇರೆಯವರು ಬಳಸುತ್ತಿರುವ ಪೇಜ್‌ಗಳೂ ಜೊತೆಗೆ ಹೋಗಬಹುದು. ಕೆಮ್ಯಾಲಾಕ್‌ನದ್ದನ್ನು ಬಿಡುವ ಕೆಫ್ರೀಗೆ ಪಾಯಿಂಟರ್ ಕೊಟ್ಟರೆ ಆಯಿತು, ಅಳತೆ ಅದಕ್ಕೇ ಗೊತ್ತು. ಇನ್ನೊಂದು ಲಾಭವನ್ನು ಬಹಳ ಜನ ಗಮನಿಸುವುದಿಲ್ಲ: ಸೋರಿಕೆ ಹುಡುಕುವ ಕೆಮೆಮ್‌ಲೀಕ್ ನೇರವಾಗಿ ತಂದ ಪೇಜ್‌ಗಳ ಲೆಕ್ಕ ಇಡುವುದಿಲ್ಲ, ಕೆಮ್ಯಾಲಾಕ್‌ನದ್ದು ಇಡುತ್ತದೆ. ನಿಮ್ಮ ಹಳೆಯ ಸೋರಿಕೆಗಳು ಕಣ್ಣಿಗೆ ಬೀಳದೆ ಉಳಿದಿದ್ದರೆ ಅದಕ್ಕೆ ಇದೂ ಕಾರಣ.

ಐಒ ಭಯ ಬೇಡ. ಕರ್ನಲ್ 5.4ರಿಂದ ಎರಡರ ಘಾತದ ಅಳತೆ ಕೇಳಿದರೆ (512, 1024, 4096) ಅಷ್ಟೇ ಅಲೈನ್‌ಮೆಂಟ್ (ವಿಳಾಸ ಆ ಅಳತೆಯ ಗುಣಕ) ಖಾತ್ರಿ. 3000 ಬೈಟ್ ಕೇಳಿದರೆ ಆ ಖಾತ್ರಿ ಇಲ್ಲ, ಬ್ಲಾಕ್ ಅಳತೆಗೆ ಏರಿಸಿ ಕೇಳಿ. ಆದರೆ 24 ಬೈಟಿನ ಹೆಡರ್ ಮತ್ತು 4096 ಬೈಟಿನ ಡೇಟಾವನ್ನು ಒಂದೇ ಸ್ಟ್ರಕ್ಚರಿಗೆ ಸೇರಿಸಬೇಡಿ. 4120 ಬೈಟ್ ಹೋಗಿ ಕೂರುವುದು 8192 ಬೈಟ್ ತುಂಡುಗಳ ಕ್ಯಾಶ್‌ನಲ್ಲಿ, ಅರ್ಧಕ್ಕರ್ಧ ದಂಡ. ಎರಡನ್ನೂ ಬೇರೆಬೇರೆ ತನ್ನಿ.

ಮರುಪ್ರಶ್ನೆ: ವಿವರಕ್ಕೆ ಧನ್ಯವಾದ ಸರ್. ಒಂದು ಟೇಬಲ್ ಮಾತ್ರ ಡಿಸ್ಕ್ ದೊಡ್ಡದಾದಂತೆ 256 ಕೆಬಿವರೆಗೆ ಬೆಳೆಯುತ್ತದೆ. ಅದಕ್ಕೂ ಕೆಮ್ಯಾಲಾಕ್ ಆಗುತ್ತದೆಯೇ? ಇನ್ನು, ಎಲ್ಲ ಕಡೆ ಜಿಎಫ್‌ಪಿ-ನೋಎಫ್‌ಎಸ್ (ಮೆಮೊರಿ ಹುಡುಕುವಾಗ ಫೈಲ್‌ಸಿಸ್ಟಮ್‌ಗೆ ಹೋಗಬೇಡ ಎನ್ನುವ ಫ್ಲ್ಯಾಗ್) ಇದೆ, ತೆಗೆಯಬಹುದೇ?

ಉತ್ತರ: 32 ಕೆಬಿ ದಾಟಿತೆಂದರೆ ಅಕ್ಕಪಕ್ಕದ ಪೇಜ್‌ಗಳಿಗಾಗಿ ಕರ್ನಲ್ ಹೆಚ್ಚು ಹಟ ಹಿಡಿಯುವುದಿಲ್ಲ, ಸೋಲುವ ಸಾಧ್ಯತೆ ಹೆಚ್ಚು. ಆ ಟೇಬಲ್‌ಗೆ ಕೆವಿಮ್ಯಾಲಾಕ್ (ಮೊದಲು ಕೆಮ್ಯಾಲಾಕ್, ಸೋತರೆ ಅಕ್ಕಪಕ್ಕ ಇಲ್ಲದ ಪೇಜ್‌ಗಳಿಂದ ವಿಮ್ಯಾಲಾಕ್) ಬಳಸಿ, ಬಿಡಲು ಕೆವಿಫ್ರೀ. ಇಲ್ಲಿ ತಪ್ಪಿ ಕೆಫ್ರೀ ಬರೆದರೆ ಆಗತಾನೇ ಬೂಟ್ ಆದ ಯಂತ್ರದಲ್ಲಿ ಏನೂ ಆಗುವುದಿಲ್ಲ, ಏಕೆಂದರೆ ಒಳಗಿನ ಕೆಮ್ಯಾಲಾಕ್ ಪ್ರಯತ್ನವೇ ಗೆದ್ದಿರುತ್ತದೆ. ಮೆಮೊರಿ ಚೂರುಚೂರಾದ ಮೇಲೆ ವಿಮ್ಯಾಲಾಕ್ ವಿಳಾಸ ಬರುತ್ತದೆ, ಆಗ ಕೆಫ್ರೀ ಕೆಡುತ್ತದೆ. ಪರೀಕ್ಷೆಯಲ್ಲಿ ಪಾಸಾಗಿ ಗ್ರಾಹಕರ ಸರ್ವರ್‌ನಲ್ಲಿ ಬೀಳುವ ಬಗ್ ಇಂಥದ್ದೇ. ಸ್ಪಿನ್‌ಲಾಕ್ ಹಿಡಿದುಕೊಂಡು ಕೆವಿಫ್ರೀ ಕರೆಯಬೇಡಿ, ಅದು ನಿದ್ದೆ ಹೋಗಬಹುದು.

ನೋಎಫ್‌ಎಸ್ ಅನ್ನು ಕಣ್ಣುಮುಚ್ಚಿ ಅಳಿಸಬೇಡಿ. ಟ್ರಾನ್ಸಾಕ್ಷನ್ ತೆರೆದು ಲಾಕ್ ಹಿಡಿದಿರುವಾಗ ಮೆಮೊರಿ ಕೇಳಿದರೆ, ರಿಕ್ಲೇಮ್ (ಕರ್ನಲ್ ಮೆಮೊರಿ ಮರಳಿ ಪಡೆಯುವ ಕೆಲಸ) ಸುತ್ತಿ ಬಂದು ನಿಮ್ಮದೇ ಫೈಲ್‌ಸಿಸ್ಟಮ್‌ಗೆ ನುಗ್ಗಿ ಅದೇ ಲಾಕ್‌ಗೆ ಕಾಯುತ್ತದೆ: ಡೆಡ್‌ಲಾಕ್. ಆದರೆ ಆ ನಿರ್ಬಂಧ ಪ್ರತಿ ಕರೆಯಲ್ಲೂ ಇರಬೇಕಿಲ್ಲ. 4.12ರಿಂದ ಮೆಮ್‌ಅಲಾಕ್-ನೋಎಫ್‌ಎಸ್-ಸೇವ್ ಮತ್ತು ರಿಸ್ಟೋರ್ ಇವೆ. ಟ್ರಾನ್ಸಾಕ್ಷನ್ ಶುರುವಿನಲ್ಲಿ ಸೇವ್ ಕರೆದು, ಅದು ಕೊಟ್ಟ ಮೌಲ್ಯವನ್ನು ಟ್ರಾನ್ಸಾಕ್ಷನ್ ಹ್ಯಾಂಡಲ್‌ನಲ್ಲೇ ಇಟ್ಟುಕೊಂಡು, ಮುಗಿದಾಗ ಅದನ್ನೇ ರಿಸ್ಟೋರ್‌ಗೆ ಕೊಡಿ. ಒಂದರೊಳಗೊಂದು ಬಂದರೂ ಆ ಮೌಲ್ಯವೇ ಕಾಪಾಡುತ್ತದೆ. ಎಕ್ಸ್ಟ್4 ಫೈಲ್‌ಸಿಸ್ಟಮ್‌ನ ಕೆಳಗಿನ ಜರ್ನಲ್ ಪದರ ಜೆಬಿಡಿ2 ಮಾಡುವುದೂ ಹೀಗೆಯೇ. ಆಮೇಲೆ ಒಳಗಿನ ಕರೆಗಳಿಗೆಲ್ಲ ಸಾಮಾನ್ಯ ಫ್ಲ್ಯಾಗ್ ಜಿಎಫ್‌ಪಿ-ಕರ್ನಲ್ ಸಾಕು.

ಮತ್ತೊಬ್ಬರ ಉತ್ತರ: ಗೋಟೂ ಬಗ್ಗೆ ನಾನು ಸೇರಿಸುತ್ತೇನೆ. ಫಿಲ್-ಸೂಪರ್‌ನಲ್ಲಿ ಐದು ಲೇಬಲ್ ಬೆಳೆಯಲು ಒಂದು ಮೂಲ ಕಾರಣವಿದೆ. ಅನ್‌ಮೌಂಟ್‌ನಲ್ಲಿ ಶುಚಿ ಮಾಡುವ ಪುಟ್-ಸೂಪರ್ ಕರೆ ಬರುವುದು ಎಸ್-ರೂಟ್ (ರೂಟ್ ಡೈರೆಕ್ಟರಿಯ ಪಾಯಿಂಟರ್) ಹೊಂದಿಸಿದ್ದರೆ ಮಾತ್ರ. ಅದಕ್ಕೂ ಮೊದಲೇ ಮೌಂಟ್ ಸೋತರೆ ಯಾರೂ ಶುಚಿ ಮಾಡುವುದಿಲ್ಲವೆಂದು ಅದೇ ಬಿಡುಗಡೆ ಕೋಡನ್ನು ಎರಡು ಕಡೆ ಬರೆಯುತ್ತಾರೆ. ಆದರೆ ಸೂಪರ್‌ಬ್ಲಾಕನ್ನು ಮುಚ್ಚುವ ಕಿಲ್-ಎಸ್‌ಬಿ ಮೌಂಟ್ ಗೆದ್ದರೂ ಸೋತರೂ ಬರುತ್ತದೆ. ಅಲ್ಲಿ ಮೊದಲು ಎಸ್-ಎಫ್‌ಎಸ್-ಇನ್ಫೋ (ನಿಮ್ಮ ಫೈಲ್‌ಸಿಸ್ಟಮ್‌ನ ಸ್ವಂತ ಮಾಹಿತಿ, ಮುಂದೆ ಬರಿಯ ಇನ್ಫೋ) ಪಾಯಿಂಟರ್ ತೆಗೆದಿಟ್ಟುಕೊಳ್ಳಿ, ಆಮೇಲೆ ಕಿಲ್-ಬ್ಲಾಕ್-ಸೂಪರ್ ಕರೆಯಿರಿ, ಕೊನೆಗೆ ಟೇಬಲ್, ಬಿಟ್‌ಮ್ಯಾಪ್, ಇನ್ಫೋ ಬಿಡಿ. ಈ ಕ್ರಮ ತಿರುವುಮುರುವಾದರೆ ಇನೋಡ್‌ಗಳನ್ನು ಹೊರಹಾಕುವ ಕೋಡ್ ಬಿಟ್ಟುಬಿಟ್ಟ ಮೆಮೊರಿ ಮುಟ್ಟುತ್ತದೆ. ಫಿಲ್-ಸೂಪರ್ ಮತ್ತು ಪುಟ್-ಸೂಪರ್‌ನಲ್ಲಿದ್ದ ಹಳೆಯ ಕೆಫ್ರೀಗಳನ್ನು ಅಳಿಸಲೇಬೇಕು, ಇಲ್ಲದಿದ್ದರೆ ಡಬಲ್ ಫ್ರೀ. ಇನ್ಫೋ ಹಂಚಿಕೆಯೇ ಸೋತಿರಬಹುದು, ಅದರ ಒಳಗಿನ ಫೀಲ್ಡ್ ಮುಟ್ಟುವ ಮುನ್ನ ನಲ್ ನೋಡಿ. ಇನ್ಫೋವನ್ನು ಸೊನ್ನೆ ತುಂಬಿ ಕೊಡುವ ಕೆಝಡ್‌ಅಲಾಕ್‌ನಿಂದ ತಂದರೆ ತುಂಬದ ಫೀಲ್ಡ್‌ಗಳು ನಲ್ ಆಗಿಯೇ ಇರುತ್ತವೆ, ಕೆಫ್ರೀ ನಲ್ ಅನ್ನು ಸುಮ್ಮನೆ ಬಿಡುತ್ತದೆ. ಹೆಸರು ಹೋಲಿಸುವ ಡಿ-ಕಂಪೇರ್‌ನಲ್ಲಿ ಇನ್ಫೋ ಓದುತ್ತಿದ್ದರೆ ಅದು ಆರ್‌ಸಿಯು (ಲಾಕ್ ಇಲ್ಲದೆ ಓದುವ ವಿಧಾನ) ಅಡಿಯಲ್ಲಿ ನಡೆಯುವ ಕೆಲಸ, ಅಲ್ಲಿ ಓದುವವರು ಮುಗಿಸಿದ ಮೇಲೆ ಬಿಡುವ ಕೆಫ್ರೀ-ಆರ್‌ಸಿಯು ಬೇಕು.

ಒಂದೇ ಫಂಕ್ಷನ್‌ನಲ್ಲಿ ಹುಟ್ಟಿ ಅಲ್ಲೇ ಸಾಯುವ ಬಫರ್‌ಗಳಿಗೆ 6.5ರಿಂದ ಬಂದ ಕ್ಲೀನಪ್ ಹೆಡರ್‌ನ ಫ್ರೀ ಗುರುತು ಚೆನ್ನಾಗಿದೆ, ವ್ಯಾಪ್ತಿ ಮುಗಿದಾಗ ತಾನೇ ಬಿಡುತ್ತದೆ. ಡಿಕ್ಲರೇಷನ್ ಮತ್ತು ಹಂಚಿಕೆ ಒಂದೇ ಸಾಲಿನಲ್ಲಿರಲಿ, ಬಿಡುಗಡೆ ಡಿಕ್ಲರೇಷನ್‌ನ ಹಿಮ್ಮುಖ ಕ್ರಮದಲ್ಲಿ ಆಗುತ್ತದೆ. ಅದೇ ಫಂಕ್ಷನ್‌ನಲ್ಲಿ ಗೋಟೂ ಬೆರೆಸಬೇಡಿ.

ಮರುಪ್ರಶ್ನೆ: ಇಷ್ಟೆಲ್ಲ ಮಾಡಿದ ಮೇಲೆ ಸೋಲುವ ದಾರಿಗಳನ್ನು ಪರೀಕ್ಷಿಸುವುದು ಹೇಗೆ?

ಉತ್ತರ: ಕಸಾನ್ (ತಪ್ಪು ಮೆಮೊರಿ ಬಳಕೆ ಹಿಡಿಯುವುದು), ಕೆಮೆಮ್‌ಲೀಕ್, ಫೇಲ್‌ಸ್ಲ್ಯಾಬ್ (ಹಂಚಿಕೆಗಳನ್ನು ಬೇಕೆಂದೇ ಸೋಲಿಸುವುದು) ಮೂರನ್ನೂ ಆನ್ ಮಾಡಿ ಕರ್ನಲ್ ಕಟ್ಟಿ. ಡೀಬಗ್‌ಎಫ್‌ಎಸ್‌ನಲ್ಲಿ ಫೇಲ್‌ಸ್ಲ್ಯಾಬ್‌ನ ಇಗ್ನೋರ್-ಜಿಎಫ್‌ಪಿ-ವೇಟ್ ಅನ್ನು 'ಎನ್' ಮಾಡುವುದು ಮರೆಯಬೇಡಿ. ಅದು ಮೊದಲಿನಿಂದ 'ವೈ' ಇರುವುದರಿಂದ ಜಿಎಫ್‌ಪಿ-ಕರ್ನಲ್ ಕರೆಗಳು ಸೋಲುವುದೇ ಇಲ್ಲ, ಪರೀಕ್ಷೆ ಗೆದ್ದಂತೆ ಕಾಣುತ್ತದೆ. ಮೌಂಟ್ ಕರೆಯುವ ಟಾಸ್ಕ್‌ನ ಫೇಲ್-ಎನ್ತ್ ಫೈಲಿಗೆ 1 ಬರೆದು ಮೌಂಟ್ ಮಾಡಿ, ಮುಂದಿನ ಸಲ 2, ಆಮೇಲೆ 3. ಹಾಗೆ ಒಂದೊಂದೇ ಹಂಚಿಕೆ ಸೋಲುತ್ತ ಹೋಗುತ್ತದೆ. ಮುಗಿದ ಮೇಲೆ ಆ ಫೈಲಿನಲ್ಲಿ ಸೊನ್ನೆಗಿಂತ ಹೆಚ್ಚು ಉಳಿದಿದ್ದರೆ ಅಷ್ಟು ಹಂಚಿಕೆಗಳೇ ಇರಲಿಲ್ಲ ಎಂದರ್ಥ, ಅಲ್ಲಿಗೆ ನಿಲ್ಲಿಸಿ. ನಡುನಡುವೆ ಕೆಮೆಮ್‌ಲೀಕ್ ಫೈಲಿಗೆ 'ಸ್ಕ್ಯಾನ್' ಬರೆದು ಓದಿ. ಕೊನೆಗೆ ಮಾಡ್ಯೂಲನ್ನೂ ತೆಗೆದು ನೋಡಿ: ಇನೋಡ್ ಕ್ಯಾಶ್ ನಾಶ ಮಾಡುವ ಮುನ್ನ ಬಾಕಿ ಆರ್‌ಸಿಯು ಕೆಲಸಗಳಿಗೆ ಕಾಯುವ ಆರ್‌ಸಿಯು-ಬ್ಯಾರಿಯರ್ ಇಲ್ಲದಿದ್ದರೆ ಕ್ಯಾಶ್‌ನಲ್ಲಿ ಇನ್ನೂ ವಸ್ತುಗಳಿವೆ ಎಂಬ ಎಚ್ಚರಿಕೆ ಕರ್ನಲ್ ಲಾಗ್ ಆದ ಡಿಮೆಸೇಜ್‌ನಲ್ಲಿ ಬರಬಹುದು.