ಹಿಮಾಚಲಕ್ಕೆ ಮೊದಲ ಸಲ ಹೊರಟವರಿಗೆ, ಹೋಗಿಬಂದವರ ಮಾತು

ಕೇಳಿದ್ದು: ಎಲ್ಲರಿಗೂ ನಮಸ್ಕಾರ. ದಸರಾ ರಜೆಗೆ ಶಿಮ್ಲಾ, ಕುಲ್ಲು, ಮನಾಲಿಗೆ ಹೊರಟಿದ್ದೇವೆ. ನಾನು, ಯಜಮಾನರು, 68 ವರ್ಷದ ಅತ್ತೆ, 9 ವರ್ಷದ ಮಗ. ದೆಹಲಿಯಿಂದ ಆಚೆ ನಮ್ಮಲ್ಲಿ ಯಾರೂ ಹೋಗಿಲ್ಲ. ನೋಡುವ ಜಾಗಗಳ ಪಟ್ಟಿ ಆಗಲೇ ಇದೆ. ನನಗೆ ತಿಳಿಯಬೇಕಿರುವುದು ಅಲ್ಲಿಯ ರೀತಿ ರಿವಾಜು. ಏನು ಮಾಡಬಾರದು? ಯಾವುದನ್ನು ಕಂಡು ಗಾಬರಿ ಆಗಬಾರದು?

ಹಾಸನದಿಂದ: ಅಕ್ಕ, ನಾನು ಕುಲ್ಲುವಿನಲ್ಲಿ ಮೂರು ವರ್ಷ ಕೆಲಸ ಮಾಡಿದ್ದೇನೆ. ಒಂದು ವಿಷಯ ತಿಳಿದಿದ್ದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ. ಅಲ್ಲಿ ಊರೂರಿಗೂ ಒಬ್ಬ ದೇವತಾ ಇದ್ದಾನೆ. ಗಂಡು ದೇವರನ್ನೂ ದೇವತಾ ಅಂತಲೇ ಕರೆಯುತ್ತಾರೆ. ಊರಿನ ಯಜಮಾನ ಅವನೇ. ಮಳೆ, ಬೆಳೆ, ಜಗಳ, ಕಾಯಿಲೆ, ಎಲ್ಲಕ್ಕೂ ಅವನನ್ನು ಕೇಳುತ್ತಾರೆ. ಉತ್ತರ ಬರುವುದು ಗುರ್ ಬಾಯಿಂದ. ಗುರ್ ಅಂದರೆ ದೇವರು ಮೈಮೇಲೆ ಬರುವವನು. ತುಳುನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ರಸ್ತೆಯಲ್ಲಿ ಡೋಲು, ಉದ್ದನೆಯ ಕಹಳೆ ಕೇಳಿಸಿದರೆ ಗಾಡಿಗಳು ನಿಲ್ಲುತ್ತವೆ. ಹಾರ್ನ್ ಹೊಡೆಯಬೇಡಿ. ದೇವತಾನ ಪಲ್ಲಕ್ಕಿ ಬರುತ್ತಿರುತ್ತದೆ, ಅವರು ಅದನ್ನು ರಥ ಅನ್ನುತ್ತಾರೆ. ಬೆಳ್ಳಿ, ಬಂಗಾರದ ಮುಖವಾಡಗಳು, ಬಣ್ಣಬಣ್ಣದ ಬಟ್ಟೆ, ಹೂವು. ಹೊತ್ತವರ ಹೆಗಲ ಮೇಲೆ ಅದು ಜೋರಾಗಿ ಆಚೀಚೆ ವಾಲುತ್ತದೆ. ಮೊದಲ ಸಲ ನೋಡಿದಾಗ ಬೀಳುತ್ತದೇನೋ ಅಂತ ಹೆದರಿದ್ದೆ. ಆ ನಡೆ ದೇವತಾನದ್ದು, ಹೊತ್ತವರದ್ದಲ್ಲ ಅನ್ನುವುದು ಅವರ ನಂಬಿಕೆ. ದೂರದಿಂದ ಕೈ ಮುಗಿಯಿರಿ, ಮುಟ್ಟಲು ಹೋಗಬೇಡಿ. ದೇವಸ್ಥಾನಕ್ಕೆ ಹೋಗುವಾಗ ಚರ್ಮದ ಬೆಲ್ಟು, ಪರ್ಸು ಹೊರಗೇ ಇರಲಿ. ಕೆಲವು ಮರದ ಗುಡಿಗಳ ಒಳಕ್ಕೆ ಹೊರಗಿನವರನ್ನು ಬಿಡುವುದಿಲ್ಲ. ಬೋರ್ಡ್ ಇಲ್ಲದಿದ್ದರೂ ಒಂದು ಮಾತು ಕೇಳಿ.

ದಸರಾಕ್ಕೇ ಹೋಗುತ್ತಿರುವುದರಿಂದ ಇದನ್ನೂ ಹೇಳಲೇಬೇಕು. ನಮ್ಮ ಮೈಸೂರಿನಲ್ಲಿ ವಿಜಯದಶಮಿಗೆ ಹಬ್ಬ ಮುಗಿಯುತ್ತದೆ. ಕುಲ್ಲುವಿನಲ್ಲಿ ಅವತ್ತು ಶುರುವಾಗುತ್ತದೆ! ಅಲ್ಲಿಂದ ಏಳು ದಿನ. 17ನೇ ಶತಮಾನದಲ್ಲಿ ರಾಜಾ ಜಗತ್ ಸಿಂಗ್ ಅಯೋಧ್ಯೆಯಿಂದ ರಘುನಾಥನ ವಿಗ್ರಹ ತರಿಸಿ, ರಾಜ್ಯವನ್ನೇ ಅವನಿಗೆ ಒಪ್ಪಿಸಿದ ಅನ್ನುತ್ತಾರೆ. ಅದಕ್ಕೇ ಸುತ್ತಲಿನ ಊರುಗಳಿಂದ 200ಕ್ಕೂ ಹೆಚ್ಚು ದೇವತೆಗಳು ರಘುನಾಥನನ್ನು ಕಾಣಲು ಧಾಲ್‌ಪುರ್ ಮೈದಾನಕ್ಕೆ ಬರುತ್ತಾರೆ. ಎಷ್ಟೋ ಜನ ದಿನಗಟ್ಟಲೆ ಬೆಟ್ಟ ಇಳಿದು, ಪಲ್ಲಕ್ಕಿ ಹೊತ್ತು ನಡೆದೇ ಬರುತ್ತಾರೆ. ರಾವಣನನ್ನು ಸುಡುವುದಿಲ್ಲ, ಮಗನಿಗೆ ಮೊದಲೇ ಹೇಳಿಬಿಡಿ.

ಮೈಸೂರಿನಿಂದ: ಊಟದ ವಿಷಯ ನಾನು ಹೇಳ್ತೀನಿ. ಉತ್ತರ ಅಂದರೆ ಬರೀ ರೊಟ್ಟಿ ಅಂದುಕೊಂಡು ನಾನು ಒಂದು ಕೆಜಿ ಅವಲಕ್ಕಿ ಹೊತ್ತುಕೊಂಡು ಹೋಗಿದ್ದೆ. ಬೇಕೇ ಆಗಲಿಲ್ಲ. ಮದುವೆ, ಹಬ್ಬಗಳಲ್ಲಿ ಅವರು ಹಾಕುವ ಊಟಕ್ಕೆ ಧಾಮ್ ಅಂತ ಹೆಸರು. ನೆಲದ ಮೇಲೆ ಸಾಲಾಗಿ ಕೂರಬೇಕು, ಎಲೆ ಹೊಲೆದು ಮಾಡಿದ ತಟ್ಟೆ, ಮೊದಲು ಅನ್ನ. ಅದರ ಮೇಲೆ ಒಂದಾದ ಮೇಲೊಂದು ಬರುತ್ತದೆ. ಮೊಸರಿನಲ್ಲಿ ನಿಧಾನ ಬೇಯಿಸಿದ ಕಡಲೆ ಮದ್ರಾ, ಬೇಳೆ, ಹುಳಿ ಸಿಹಿ ಇರುವ ಖಟ್ಟಾ, ಕೊನೆಗೆ ಸಿಹಿ ಅನ್ನ. ಅಡುಗೆಯವರನ್ನು ಬೋಟಿ ಅನ್ನುತ್ತಾರೆ. ನಮ್ಮ ಪಂಕ್ತಿ ಊಟವೇ ಅಲ್ವಾ? ಎಲ್ಲರದೂ ಮುಗಿಯುವವರೆಗೆ ಏಳಬೇಡಿ. ಯಾರಾದರೂ ಕರೆದರೆ ಸಂಕೋಚ ಬಿಟ್ಟು ಹೋಗಿ. ನಾವು ಉಳಿದಿದ್ದ ಮನೆಯವರು ಪಕ್ಕದ ಮನೆ ಮದುವೆಗೆ ಕರೆದುಕೊಂಡು ಹೋಗಿದ್ದರು. ಇಡೀ ಪ್ರವಾಸದಲ್ಲಿ ನನಗೆ ತುಂಬಾ ಇಷ್ಟವಾದ ದಿನ ಅದು.

ಮನಾಲಿಯಲ್ಲಿ ಸಿಡ್ಡು ತಿನ್ನಿ. ಗೋಧಿ ಹಿಟ್ಟು ಹುಳಿ ಬರಿಸಿ, ಒಳಗೆ ಆಕ್ರೋಟ್ ಅಥವಾ ಗಸಗಸೆ ಹೂರಣ ತುಂಬಿ, ಹಬೆಯಲ್ಲಿ ಬೇಯಿಸಿದ ಕಡುಬು. ತುಪ್ಪ ಸುರಿದು ಕೊಡುತ್ತಾರೆ. ಅತ್ತೆಯವರಿಗೆ ಹಿಡಿಸುತ್ತದೆ.

ದಾವಣಗೆರೆಯಿಂದ: ಎರಡೇ ಮಾತು. ರಸ್ತೆ ಪಕ್ಕ ಸೇಬು ತೂಗುತ್ತಿದ್ದರೂ ಕೀಳಬೇಡಿ. ಆ ತೋಟವೇ ಆ ಮನೆಯ ಇಡೀ ವರ್ಷದ ದುಡಿಮೆ. ಕೇಳಿದರೆ ಅವರೇ ಕೊಡುತ್ತಾರೆ, ನಮಗೆ ಹಾಗೆ ಎಷ್ಟೋ ಕಡೆ ಸಿಕ್ಕಿದೆ. ಶಿಮ್ಲಾದ ಜಾಖೂ ಹನುಮಂತನ ಗುಡಿಗೆ ಹೋಗುವಾಗ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಳ್ಳಿ. ಕೋತಿಗಳು ಕಿತ್ತುಕೊಂಡು ಹೋಗುತ್ತವೆ.

ಬೆಂಗಳೂರಿನಿಂದ: ಮೇಡಂ, ವಯಸ್ಸಾದವರು ಇರುವುದರಿಂದ ದೆಹಲಿಯಿಂದ ರಾತ್ರಿ ಬಸ್ಸಿನಲ್ಲಿ ಒಂದೇ ಸಲಕ್ಕೆ ಮನಾಲಿಗೆ ಹೋಗಬೇಡಿ. ನಾವು ಹಾಗೆ ಮಾಡಿ, ತಿರುವುಗಳಲ್ಲಿ ಅಮ್ಮ ಬೆಳಗಿನ ತನಕ ವಾಂತಿ ಮಾಡಿದರು. ಕಾಲ್ಕಾದಿಂದ ಶಿಮ್ಲಾಕ್ಕೆ ಪುಟ್ಟ ರೈಲು ಹಿಡಿಯಿರಿ. 1903ರಲ್ಲಿ ಶುರುವಾದ 96 ಕಿಲೋಮೀಟರ್ ದಾರಿ, ನೂರಕ್ಕೂ ಹೆಚ್ಚು ಸುರಂಗ. ಮಗ ಎಣಿಸುತ್ತಾ ಕೂರುತ್ತಾನೆ. ಶಿಮ್ಲಾದ ಮಾಲ್ ರೋಡಿಗೆ ಗಾಡಿ ಬಿಡುವುದಿಲ್ಲ, ಕೆಳಗಿನಿಂದ ಲಿಫ್ಟ್ ಇದೆ. ಅತ್ತೆಯವರನ್ನು ಅದರಲ್ಲೇ ಕರೆದುಕೊಂಡು ಹೋಗಿ.

ಮನಾಲಿಯ ಮೇಲಿನ ರೋಹ್ತಾಂಗ್ ಪಾಸ್‌ಗೆ (ಬೆಟ್ಟ ದಾಟುವ ದಾರಿ) ಪರ್ಮಿಟ್ ಬೇಕು, ಮಂಗಳವಾರ ಪ್ರವಾಸಿ ಗಾಡಿ ಬಿಡುವುದಿಲ್ಲ. ಎತ್ತರ 13,000 ಅಡಿ ದಾಟುತ್ತದೆ. ಅತ್ತೆಗೆ ಉಸಿರಿನ ತೊಂದರೆ ಇದ್ದರೆ ಬೇಡ. ಬದಲಿಗೆ 2020ರಲ್ಲಿ ತೆರೆದ 9 ಕಿಲೋಮೀಟರ್‌ನ ಅಟಲ್ ಸುರಂಗ ದಾಟಿ ಆಚೆಯ ಸಿಸ್ಸು ಹಳ್ಳಿಗೆ ಹೋಗಿ. ಈಚೆ ದೇವದಾರು ಮರಗಳ ಹಸಿರು, ಆಚೆ ಬೋಳು ಬೆಟ್ಟ. ಭಾಷೆ, ಬೌದ್ಧ ಧ್ವಜ, ಎಲ್ಲ ಬೇರೆ. ಅಲ್ಲಿ ನಮಸ್ಕಾರಕ್ಕೆ ‘ಜೂಲೆ’ ಅನ್ನಿ, ಅವರ ಮುಖ ಅರಳುತ್ತದೆ. ಮಂತ್ರ ಕೆತ್ತಿದ ಕಲ್ಲುಗಳ ಸಾಲು ಕಂಡರೆ ಅದು ನಿಮ್ಮ ಬಲಕ್ಕೆ ಇರುವ ಹಾಗೆ ಸುತ್ತಿ ಬನ್ನಿ. ನಮ್ಮ ಪ್ರದಕ್ಷಿಣೆಯ ಹಾಗೇ.

ಶಿರಸಿಯಿಂದ: ನೀವು ಕುಲ್ಲು ಹತ್ತಿರದ ಕಸೋಲ್ ಕಡೆ ಹೋದರೆ ಯಾರಾದರೂ ಮಲಾಣಾ ಹಳ್ಳಿ ತೋರಿಸುತ್ತೇವೆ ಅನ್ನಬಹುದು. ಅಲ್ಲಿಯವರು ಹೊರಗಿನವರನ್ನು ಮುಟ್ಟುವುದಿಲ್ಲ. ಅವರ ಗುಡಿ, ಗೋಡೆ ಮುಟ್ಟಿದರೆ ದಂಡ. ಅಂಗಡಿಯಲ್ಲಿ ದುಡ್ಡನ್ನು ಕೈಗೆ ಕೊಡುವ ಹಾಗಿಲ್ಲ, ಕೆಳಗೆ ಇಡಬೇಕು. ಜಮಲೂ ದೇವತಾನ ಕಟ್ಟಳೆ ಅದು.

ಈ ಮಡಿ ಮೈಲಿಗೆ ನನಗೆ ಸರಿ ಅನ್ನಿಸಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಸುಮ್ನೆ ವಿಚಿತ್ರ ನೋಡಲು ಅಂತ ಯಾರದೋ ಊರಿಗೆ ಹೋಗುವುದೂ ಸರಿಯಲ್ಲ. ಚಿಕ್ಕ ಮಗುವನ್ನು ‘ಮುಟ್ಟಬೇಡ, ಮುಟ್ಟಬೇಡ’ ಅಂತ ಎಳೆದುಕೊಂಡು ಓಡಾಡುವುದು ಕಷ್ಟ. ಅದರ ಬದಲು ಮಣಿಕರಣ್‌ಗೆ ಹೋಗಿ. ಬಟ್ಟೆಯಲ್ಲಿ ಅಕ್ಕಿ ಕಟ್ಟಿ ಬಿಸಿನೀರಿನ ಬುಗ್ಗೆಗೆ ಇಳಿಬಿಟ್ಟರೆ ಅನ್ನ ಆಗುತ್ತದೆ. ಅಲ್ಲಿಯ ಗುರುದ್ವಾರದಲ್ಲಿ ತಲೆ ಮುಚ್ಚಿಕೊಳ್ಳಿ. ಊಟಕ್ಕೆ ಕುಳಿತಾಗ ರೊಟ್ಟಿಯನ್ನು ಎರಡೂ ಕೈ ಒಡ್ಡಿ ತೆಗೆದುಕೊಳ್ಳಬೇಕು.

ಕೇಳಿದವರು ಮತ್ತೆ: ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅತ್ತೆಗೆ ಓದಿ ಹೇಳಿದೆ. ಪಲ್ಲಕ್ಕಿಗಳನ್ನು ನೋಡಲೇಬೇಕು ಅಂತ ಹಟ ಹಿಡಿದಿದ್ದಾರೆ. ಆ ಜನಜಂಗುಳಿಯಲ್ಲಿ ಅವರಿಗೆ ಆಗುತ್ತಾ? ಹಾಗೇ ಅವರು ಈರುಳ್ಳಿ, ಬೆಳ್ಳುಳ್ಳಿ ತಿನ್ನಲ್ಲ.

ಮೈಸೂರಿನಿಂದ: ಧಾಮ್‌ಗೆ ಸಾಮಾನ್ಯವಾಗಿ ಎರಡನ್ನೂ ಹಾಕುವುದಿಲ್ಲ. ಹೋಟೆಲ್‌ನಲ್ಲಿ ಮಾತ್ರ ‘ಬಿನಾ ಪ್ಯಾಜ್ ಲಹಸುನ್’ ಅಂತ ಮೊದಲೇ ಹೇಳಿ. ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗುತ್ತದೆ, ಅಗಲ ಬಾಯಿಯ ಡಬ್ಬಿಗೆ ಹಾಕಿಕೊಳ್ಳಿ.

ಹಾಸನದಿಂದ: ಮೊದಲ ದಿನ ರಘುನಾಥನ ತೇರು ಎಳೆಯುವಾಗ ನೂಕುನುಗ್ಗಲು ಜಾಸ್ತಿ, ಅವರಿಗೆ ಆಗಲ್ಲ ಅಕ್ಕ. ಮಾರನೇ ದಿನ ಬೆಳಿಗ್ಗೆ ಬೇಗ ಮೈದಾನಕ್ಕೆ ಕರೆದುಕೊಂಡು ಹೋಗಿ. ದೇವತೆಗಳೆಲ್ಲ ತಮ್ಮ ತಮ್ಮ ಡೇರೆಯಲ್ಲಿ ಕುಳಿತಿರುತ್ತಾರೆ, ಊರಿನವರು ಬೆಂಕಿ ಕಾಯಿಸುತ್ತಾ ಸುತ್ತ ಕೂತಿರುತ್ತಾರೆ. ಯಾವ ಊರು, ಯಾವ ದೇವರು ಅಂತ ಕೇಳಿ. ಅತ್ತೆಗೆ ಚಾಪೆ ಹಾಸಿ, ಚಹಾ ಕೊಟ್ಟು, ಕಥೆ ಹೇಳುತ್ತಾರೆ.