ಸಹಾಯ ಬೇಕು: ‘ದಿ ಐರಿಶ್ ವಾಷರ್‌ವುಮನ್’ ಜಿಗ್‌ನ ಮೂಲ ಮತ್ತು ಪಾಠಾಂತರಗಳು

ಮಾನ್ಯರೇ, ಐರ್ಲೆಂಡಿನ ಸಾಂಪ್ರದಾಯಿಕ ಜಿಗ್‌ಗಳಲ್ಲಿ (ಚುರುಕಾದ ಕುಣಿತದ ಮಟ್ಟುಗಳಲ್ಲಿ) ಬಹುಶಃ ಎಲ್ಲಕ್ಕಿಂತ ಪರಿಚಿತವಾದ ‘ದಿ ಐರಿಶ್ ವಾಷರ್‌ವುಮನ್’ ಮಟ್ಟನ್ನು ಪಿಟೀಲಿನಲ್ಲಿ ಕಲಿಯುತ್ತಿರುವ ನನಗೆ, ಅದರ ಮೂಲ ಮತ್ತು ಪಾಠಾಂತರಗಳ ಬಗ್ಗೆ ಬಲ್ಲವರ ನೆರವು ಬೇಕಾಗಿದೆ. ಒಂದು ಆವರ್ತದ ಆರು ಮಾತ್ರೆಗಳು ಮೂರು ಮೂರಾಗಿ ಒಡೆಯುವ ಈ ಲಯ, ತಿಶ್ರ ನಡೆ ಬಲ್ಲ ಕೈಗೆ ಬೇಗನೆ ಒಗ್ಗುತ್ತದೆ, ತೊಡಕಿರುವುದು ಚರಿತ್ರೆಯಲ್ಲಿ.

ಲಂಡನ್ನಿನ ಜಾನ್ ಪ್ಲೇಫೋರ್ಡ್ 1651ರಲ್ಲಿ ಪ್ರಕಟಿಸಿದ ನೃತ್ಯಸಂಗ್ರಹದಲ್ಲಿರುವ ‘ಡಾರ್ಗಸನ್’ ಎಂಬ ಇಂಗ್ಲಿಷ್ ಮಟ್ಟಿನಿಂದಲೇ ಇದು ಬೆಳೆದಿದೆ ಎಂಬ ವಾದವಿದೆ. ಹೋಲಿಕೆ ಕಿವಿಗೆ ಸ್ಪಷ್ಟವಾಗಿಯೇ ಕೇಳುತ್ತದಾದರೂ, ‘ಡಾರ್ಗಸನ್’ ಎಂಟೇ ಆವರ್ತಗಳಲ್ಲಿ ಸುತ್ತಿ, ಆಧಾರ ಸ್ವರದಲ್ಲಿ ನಿಲ್ಲದೆ ಮತ್ತೆ ಮೊದಲಿಗೇ ಜಾರುವ ಮಟ್ಟು (ಇಂಗ್ಲಿಷ್ ಸಂಗೀತ ರಚನೆಕಾರ ಗುಸ್ತಾವ್ ಹೋಲ್ಸ್ಟ್ ತಮ್ಮ ‘ಸೇಂಟ್ ಪಾಲ್ಸ್ ಸ್ವೀಟ್’ ಕೃತಿಯ ಕೊನೆಯ ಭಾಗದಲ್ಲಿ ಈ ಗುಣವನ್ನು ಸೊಗಸಾಗಿ ದುಡಿಸಿಕೊಂಡಿದ್ದಾರೆ). ಐರಿಶ್ ಜಿಗ್ ಮಾತ್ರ ಎಂಟೆಂಟು ಆವರ್ತಗಳ ಎರಡು ಭಾಗಗಳಾಗಿದ್ದು, ಆಧಾರ ಸ್ವರವಾದ ಷಡ್ಜದಲ್ಲಿ ತಂಗುತ್ತದೆ. ಇಷ್ಟು ವ್ಯತ್ಯಾಸವಿರುವಾಗ ಬರಿಯ ಹೋಲಿಕೆಯಿಂದ ವಂಶವನ್ನು ನಿರ್ಧರಿಸುವುದು ಅವಸರವೆಂದು ನನ್ನ ಅನಿಸಿಕೆ.

18ನೇ ಶತಮಾನದ ಮುದ್ರಿತ ಪಾಠಗಳ ಸ್ವರಲಿಪಿಯಾಗಲಿ, ಎರಡನೇ ಭಾಗವನ್ನು ಬೇರೆ ರೀತಿಯಲ್ಲಿ ನುಡಿಸಿರುವ ಹಳೆಯ ಬ್ಯಾಗ್‌ಪೈಪ್ (ಚೀಲವಿರುವ ಗಾಳಿವಾದ್ಯ) ಅಥವಾ ಪಿಟೀಲು ಧ್ವನಿಮುದ್ರಣಗಳಾಗಲಿ ಯಾರಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಬೇಕಾಗಿ ವಿನಂತಿ.