‘ರಿಕೂಪ್‌ಮೆಂಟ್’ಗೆ ವಸೂಲಿಯೋ, ವಜಾವೋ, ಮುರಿದುಕೊಳ್ಳುವುದೋ?

ಗೆಳೆಯರೇ,

ಅಮೆರಿಕದ ಔಷಧಿ ಅಂಗಡಿಗಳ ಆಡಿಟ್ ಬಗ್ಗೆ ನಮ್ಮ ಕನ್ನಡ ಕೂಟದ ಸಂಚಿಕೆಗೆ ಬರೆಯುತ್ತಿದ್ದೇನೆ. ಎರಡು ಪದಗಳಿಗೆ ನಿಮ್ಮ ಸಹಾಯ ಬೇಕು.

ಇಲ್ಲಿ ವಿಮೆಗೂ ಅಂಗಡಿಗೂ ನಡುವೆ ಫಾರ್ಮಸಿ ಬೆನಿಫಿಟ್ ಮ್ಯಾನೇಜರ್, ಅಂದರೆ ಪಿಬಿಎಂ, ಅನ್ನೋ ಸಂಸ್ಥೆ ಇರುತ್ತದೆ. ಅಂಗಡಿಗೆ ದುಡ್ಡು ಕೊಡುವುದು ಅದೇ. ಆಮೇಲೆ ಬಂದು ಡಾಕ್ಟರ ಚೀಟಿಗಳನ್ನು ತೆಗೆಸಿ ತಪ್ಪು ಹುಡುಕುವುದೂ ಅದೇ. ತಪ್ಪು ಸಿಕ್ಕರೆ ಕೊಟ್ಟಿದ್ದನ್ನು ವಾಪಸ್ ತೆಗೆದುಕೊಳ್ಳುತ್ತದೆ. ಅದೇ ರಿಕೂಪ್‌ಮೆಂಟ್.

‘ವಸೂಲಿ’ ಅಂದರೆ ಬಾಗಿಲಿಗೆ ಬಂದು ಕೇಳಿದ ಹಾಗೆ. ಇಲ್ಲಿ ಯಾರೂ ಕೇಳುವುದಿಲ್ಲ, ಮುಂದೆ ಬರಬೇಕಾದ ದುಡ್ಡಿನಲ್ಲಿ ಅಷ್ಟು ಕಮ್ಮಿ ಬರುತ್ತದೆ. ಹಳೇ ಲೆಕ್ಕದ ಪುಸ್ತಕಗಳಲ್ಲಿ ಕಳೆಯುವುದಕ್ಕೆ ಬರೆಯುತ್ತಿದ್ದ ‘ವಜಾ’ ಚೆನ್ನಾಗಿ ಹೊಂದುತ್ತಿತ್ತು. ಆದರೆ ಈಗಿನವರಿಗೆ ವಜಾ ಅಂದರೆ ಕೆಲಸ ಹೋದದ್ದು, ಇಲ್ಲವೇ ಕೋರ್ಟಿನಲ್ಲಿ ಅರ್ಜಿ ಬಿದ್ದುಹೋದದ್ದು. ನನ್ನ ಮನಸ್ಸು ‘ಮುರಿದುಕೊಳ್ಳುವುದು’ ಕಡೆಗಿದೆ. ‘ಸಂಬಳದಲ್ಲಿ ಅಡ್ವಾನ್ಸ್ ಮುರ್ಕೊಂಡ್ರು’ ಅಂತೀವಲ್ಲ, ಅದು.

ನನ್ನ ಅಕ್ಕ ಜಾರ್ಜಿಯಾದ ಒಂದು ಸಣ್ಣ ಅಂಗಡಿಯಲ್ಲಿ ಫಾರ್ಮಸಿಸ್ಟ್. ಅಲ್ಲೊಂದು 5 ಮಿಲಿ ಕಣ್ಣಿನ ಔಷಧಿ. ಎರಡೂ ಕಣ್ಣಿಗೆ ದಿನಕ್ಕೆ ಎರಡು ಸಲ ಒಂದೊಂದು ಹನಿ. ಮಿಲಿಗೆ 20 ಹನಿ ಹಿಡಿದರೆ 100 ಹನಿ, 25 ದಿನಕ್ಕೆ ಬರುತ್ತದೆ. ಕಂಪ್ಯೂಟರಿನಲ್ಲಿ 30 ದಿನ ಅಂತ ಬಿದ್ದಿತ್ತು. ಔಷಧಿ ಸರಿ, ರೋಗಿ ಸರಿ, ಡಾಕ್ಟರು ಬರೆದದ್ದೂ ಸರಿ. ಆದರೂ ಇಡೀ ಬಾಟಲಿಯ ದುಡ್ಡು ಮುರಿದುಕೊಂಡರು. ಅಕ್ಕ ಅವತ್ತು ಊಟ ಮಾಡಲಿಲ್ಲ.

ಇಂಥದ್ದಕ್ಕೇ ರಾಜ್ಯಗಳು ಕಾಯ್ದೆ ಮಾಡಿಕೊಂಡಿವೆ. ಜಾರ್ಜಿಯಾದ್ದಕ್ಕೆ ‘ಫಾರ್ಮಸಿ ಆಡಿಟ್ ಬಿಲ್ ಆಫ್ ರೈಟ್ಸ್’ ಅಂತಲೇ ಹೆಸರು. ತಿಂಗಳ ಮೊದಲ 7 ದಿನ ಅಂಗಡಿಯಲ್ಲಿ ಜನ ಜಾಸ್ತಿ, ಒಪ್ಪಿಗೆ ಇಲ್ಲದೆ ಆಗ ಆಡಿಟ್ ಇಡುವಂತಿಲ್ಲ. ಬರೀ ಬರವಣಿಗೆಯ ತಪ್ಪನ್ನು ಮೋಸ ಅನ್ನುವಂತಿಲ್ಲ. ಈ ‘ಕ್ಲರಿಕಲ್ ಎರರ್’ಗೆ ‘ಕಣ್ತಪ್ಪು’ ಅಂತ ಬರೆದುಬಿಟ್ಟೆ. ಅದರಲ್ಲಿ ಕೆಟ್ಟ ಉದ್ದೇಶದ ವಾಸನೆಯೇ ಇಲ್ಲ, ಅಲ್ವಾ?

ಇನ್ನೊಂದು ಪದ ‘ಎಕ್ಸ್‌ಟ್ರಾಪೊಲೇಶನ್’. 100 ಚೀಟಿಯಲ್ಲಿ 5 ತಪ್ಪು ಸಿಕ್ಕರೆ, 10,000ದಲ್ಲಿ 500 ಇರಲೇಬೇಕು ಅಂತ ಅಷ್ಟಕ್ಕೂ ಮುರಿದುಕೊಳ್ಳುವುದು. ಹಲವು ರಾಜ್ಯಗಳು ಇದನ್ನು ಕೂಡದು ಅಂದಿವೆ. ಗಣಿತದ ಸಂಸ್ಕೃತ ಪದ ಹಾಕಿದರೆ ಓದುವವರು ಅಲ್ಲೇ ನಿಲ್ಲುತ್ತಾರೆ. ‘ಅಗುಳು ಲೆಕ್ಕ’ ಅಂದರೆ ಹೇಗೆ? ಅನ್ನ ಬೆಂದಿದೆಯಾ ನೋಡೋಕೆ ಒಂದು ಅಗುಳು ಹಿಸುಕಿದರೆ ಸಾಕು, ಯಾಕಂದರೆ ಎಲ್ಲ ಒಂದೇ ಪಾತ್ರೆಯಲ್ಲಿ ಬೆಂದದ್ದು. ಚೀಟಿಗಳು ಹಾಗಲ್ಲ, ಒಂದೊಂದೂ ಬೇರೆ. ಕಾಯ್ದೆ ಬೇಡ ಅನ್ನುವುದೂ ಈ ಲೆಕ್ಕವನ್ನೇ. ಆದರೆ ವಿವರಣೆ ಇಲ್ಲದೆ ಪದ ತಾನೇ ನಿಲ್ಲುತ್ತದಾ ಅನ್ನೋ ಅನುಮಾನ ನನಗಿದೆ.

ಧಾರವಾಡ, ಕಲಬುರಗಿ, ಮಂಗಳೂರು ಕಡೆಯವರು ಹೇಳಿ: ಸಂಬಳದಲ್ಲಿ ಹಿಡಿದುಕೊಳ್ಳುವುದಕ್ಕೆ ನಿಮ್ಮಲ್ಲಿ ಏನಂತೀರಿ? ‘ಮುರಿದುಕೊಂಡರು’ ಅಂದರೆ ದುಡ್ಡಿನ ಮಾತು ಅಂತ ತಕ್ಷಣ ಹೊಳೆಯುತ್ತದಾ?